ಮೂವತ್ತೈದಕ್ಕೆ ನಿಂತ ಶನಿವಾರ

ನಾಲ್ಕು ಗಂಟೆಗೆ ಇನ್ನು ಹನ್ನೊಂದು ನಿಮಿಷ ಇದೆ ಎನ್ನುವಾಗ ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಆರಿ, ಮತ್ತೆ ಹೊತ್ತಿಕೊಂಡು, ‘ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ’ ಎಂದು ನೀಲಿ ಪರದೆ ತೋರಿಸಿತು. ಲಿಫ್ಟ್ ಮೆಕ್ಯಾನಿಕ್ ಆಗಷ್ಟೇ ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕುರ್ಚಿ ಎಳೆದುಕೊಂಡಿದ್ದ. ಸೊನ್ನೆಯಿಂದ ಶುರುವಾದ ಎಣಿಕೆ ದಡದಡನೆ ಮೂವತ್ತೈದಕ್ಕೇರಿ ಅಲ್ಲೇ ನಿಂತುಬಿಟ್ಟಿತು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟನ್ನು ಅವನು ಕಣ್ಣು ಮುಚ್ಚಿಕೊಂಡು ಇಳಿಸಬಲ್ಲ. ಇದಕ್ಕೆ ಎಲ್ಲಿಂದ ಕೈ ಹಾಕುವುದೋ ತಿಳಿಯಲಿಲ್ಲ.

ಶನಿವಾರ ನಾಲ್ಕರಿಂದ ನಾಲ್ಕೂವರೆ. ಮಗಳು ಗಿಣಿಯ ಮುಖ ಅವನಿಗೆ ಕಾಣುವುದು ವಾರಕ್ಕೆ ಅಷ್ಟೇ ಹೊತ್ತು, ಅದೂ ಪರದೆಯ ಮೇಲೆ. ಗಂಡ ಹೆಂಡತಿ ಬೇರೆಯಾದ ಮೇಲೆ ಪಾರ್ಕಿನಲ್ಲಿ ಎರಡು ಸಲ ಭೇಟಿಯಾಗಿ, ಎರಡೂ ಸಲ ಮಗುವಿನ ಎದುರಿಗೇ ಹಾರಾಡಿ ಕೂಗಾಡಿದ್ದರು. ಎಂಟು ವರ್ಷದ ಹುಡುಗಿ ಬೆಂಚಿನಡಿ ನುಸುಳಿ ಕಿವಿ ಮುಚ್ಚಿಕೊಂಡಿದ್ದಳು. ಆಮೇಲೆಯೇ ಕುಟುಂಬ ನ್ಯಾಯಾಲಯದ ಸಮಾಲೋಚಕಿ ಈ ಏರ್ಪಾಟು ಮಾಡಿದ್ದು: ಮೂರು ತಿಂಗಳು ಕಂಪ್ಯೂಟರಿನಲ್ಲೇ ಮಾತು, ಒಬ್ಬರ ಮನೆ ಬಾಗಿಲಿಗೆ ಇನ್ನೊಬ್ಬರು ಹೋಗಕೂಡದು. ಹೋದ ಶನಿವಾರ ಲಿಫ್ಟಿನಲ್ಲಿ ನಾಲ್ವರು ಸಿಕ್ಕಿಬಿದ್ದು ಅವನಿಗೆ ಹಾಜರಾಗಲು ಆಗಿರಲಿಲ್ಲ. ಅದೇ ಗಡಿಬಿಡಿಯಲ್ಲಿ ಫೋನು ಕೈಜಾರಿ ಆರು ಮಹಡಿ ಕೆಳಗೆ ಬಿದ್ದು ಸಿಮ್ಮು ಸಮೇತ ಪುಡಿಯಾಗಿತ್ತು. ಇವತ್ತೂ ತಪ್ಪಿದರೆ ಸಮಾಲೋಚಕಿ ವಾರದ ಮಾತನ್ನು ತಿಂಗಳಿಗೊಮ್ಮೆ ಮಾಡುವುದು ಖಂಡಿತ.

ಕಂಪನಿಯವರು ಕೊಟ್ಟಿದ್ದ ಗುಂಡಿ ಒತ್ತುವ ಹಳೇ ಫೋನಿನಿಂದ ಹೆಂಡತಿಗೆ ಮಾಡಿದ. ಎಂಗೇಜ್. ಮತ್ತೆ ಮಾಡಿದ. ಎಂಗೇಜ್. ಕೂತ, ಎದ್ದ, ಪರದೆಗೆ ಮುಖ ಹತ್ತಿರ ತಂದು ದಿಟ್ಟಿಸಿದ. ಮೂವತ್ತೈದು ಮೂವತ್ತೈದಾಗಿಯೇ ಇತ್ತು. ಪವರ್ ಗುಂಡಿಯ ಮೇಲೆ ಬೆರಳಿಟ್ಟು, ಒತ್ತಲು ಧೈರ್ಯವಾಗದೆ ತೆಗೆದ. ಆರನೇ ಸಲವೂ ಎಂಗೇಜ್ ಬಂದಾಗ ಅವನ ತಲೆ ಕೆಟ್ಟುಹೋಯಿತು. ಬೇಕಂತಲೇ ಮಾಡುತ್ತಿದ್ದಾಳೆ. ನಾನು ಬರಲಿಲ್ಲ ಅಂತ ಬರೆಸಿಕೊಂಡರೆ ಅವಳ ಕೆಲಸ ಆಯಿತಲ್ಲ! ಚಪ್ಪಲಿ ಮೆಟ್ಟಿಕೊಂಡವನೇ ಬಿಸಿಲಿಗೆ ಬಿದ್ದ.

ಬಸ್ಸಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ಅರ್ಧ ದಾರಿ ನಡೆದು, ಉಳಿದರ್ಧ ಓಡಿದ. ಸಿಗ್ನಲ್ ದಾಟುವಾಗ ಕಾರಿನವನೊಬ್ಬ ಬೈದದ್ದೂ ಅವನ ಕಿವಿಗೆ ಬೀಳಲಿಲ್ಲ. ಬಾಗಿಲು ತೆರೆದ ಕೂಡಲೇ ಏನೇನು ಅನ್ನಬೇಕು ಎಂಬುದನ್ನು ಒಂದೊಂದಾಗಿ ಮಸೆಯುತ್ತಿದ್ದ. ಅವಳ ಮನೆಯಿದ್ದ ಮೂರನೇ ಮಹಡಿಗೆ ಲಿಫ್ಟಿತ್ತು. ಅವನು ಮೆಟ್ಟಿಲು ಹತ್ತಿದ. ಬೆಲ್ ಒತ್ತಿದ ಬೆರಳನ್ನು ಬಾಗಿಲು ತೆರೆಯುವ ತನಕ ತೆಗೆಯಲಿಲ್ಲ.

ಬಾಗಿಲು ತೆರೆದವಳು ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡಿದ್ದಳು.

“ನೀವಾ? ಇಲ್ಲಿಗೆ ಬರಬಾರ್ದು ಅಂತ ಗೊತ್ತಿಲ್ವಾ ನಿಮಗೆ?” ಬೇರೆಯಾದ ಮೇಲೆ ಇಬ್ಬರೂ ‘ನೀವು’ ಅನ್ನುವುದನ್ನು ಕಲಿತಿದ್ದರು.

“ಫೋನ್ ಎತ್ತೋಕೆ ನಿಮಗೇನು ಕಷ್ಟ ಆಗಿತ್ತು? ಆಗ್ಲಿಂದ ಎಂಗೇಜು! ನನಗೆ ತಪ್ಪಿಹೋಗ್ಲಿ ಅಂತಾನೇ...”

ಅವಳು ಅಂಗೈ ಎತ್ತಿ ಅವನನ್ನು ತಡೆದು ಫೋನಿನಲ್ಲಿ ಹೇಳಿದಳು: “ಇಲ್ಲ ಸಾರ್, ಅಲ್ಲೇ ಇದೆ. ಮೂವತ್ತೈದು ಪರ್ಸೆಂಟ್. ಹೂಂ, ನೀಲಿ ಪರದೆ.”

ಅವನು ಕತ್ತು ಚಾಚಿ ಒಳಗೆ ನೋಡಿದ. ಅವಳ ಹೆಗಲಾಚೆ ಊಟದ ಮೇಜಿನ ಮೇಲೆ ಅದೇ ನೀಲಿ, ಅದೇ ಎಣಿಕೆ. ಅದರ ಮುಂದೆ ಎರಡು ಜಡೆ ಹಾಕಿಕೊಂಡ ಪುಟ್ಟ ಬೆನ್ನು.

“ನಿಂದೂ ಅಷ್ಟೇನಾ?” ಅಂದ.

“ಮೂರೂ ಮುಕ್ಕಾಲಿಂದ. ಊರಲ್ಲಿ ಅರ್ಧ ಜನರದ್ದು ಹೀಗೇ ಆಗಿದೆಯಂತೆ. ಕಂಪ್ಯೂಟರ್ ಕಂಪನಿಯವರು ಕಳಿಸಿದ ಅಪ್‌ಡೇಟೇ ಸರಿಯಿಲ್ಲವಂತೆ.” ಅವಳು ಫೋನನ್ನು ಅಂಗೈಯಿಂದ ಮುಚ್ಚಿದಳು. “ನಿನಗೆ ಎಷ್ಟು ಸಲ ಮಾಡಿದೆ ಗೊತ್ತಾ? ಬರೀ ಸ್ವಿಚ್ ಆಫ್. ಯಾವುದೋ ಹೊಸ ನಂಬರ್ ನಡುನಡುವೆ ಬರ್ತಿತ್ತು...”

“ಅದು ನಾನೇ.”

ಗಿಣಿ ತಿರುಗಿ ನೋಡಿದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. “ಅಮ್ಮಾ, ಅಪ್ಪ ಇವತ್ತೂ ಬರಲ್ಲ ಅಂದ್ಯಲ್ಲ?”

ಹೆಂಡತಿ ನೆಲ ನೋಡಿದಳು. ಬೇರೆ ದಿನವಾಗಿದ್ದರೆ ಈ ಒಂದು ಮಾತು ಸಾಕಿತ್ತು, ಮನೆ ಹೆಂಚು ಹಾರಿಹೋಗುವಂತೆ ಜಗಳವಾಗಲು. ಆದರೆ ದಾರಿಯುದ್ದಕ್ಕೂ ತಾನು ಅವಳ ಬಗ್ಗೆ ಅಂದುಕೊಂಡು ಬಂದದ್ದು ಅವನಿಗೆ ನೆನಪಿತ್ತು. ತೋಳಿನಿಂದ ಬೆವರು ಒರೆಸಿಕೊಂಡ.

“ಏನಂತಾರೆ ಅವರು?”

“ಯಾವ ಕಾರಣಕ್ಕೂ ಆಫ್ ಮಾಡಬಾರ್ದಂತೆ. ಅದಾಗೇ ಮುಗಿಯೋ ತನಕ ಕಾಯ್ಬೇಕಂತೆ.”

“ಎಷ್ಟು ಹೊತ್ತು?”

“ಹೇಳಕ್ಕಾಗಲ್ವಂತೆ.”

ಮೆಟ್ಟಿಲ ಮೇಲೆ ಯಾರೋ ಇಳಿದು ಹೋದರು. ಹೊಸಿಲಿನ ಈಚೆಗೊಬ್ಬರು, ಆಚೆಗೊಬ್ಬರು, ಇಬ್ಬರೂ ಆ ಹೆಜ್ಜೆ ಸಪ್ಪಳ ಮುಗಿಯುವ ತನಕ ನಿಂತಿದ್ದರು. ಕೊನೆಗೆ ಅವಳು ಫೋನು ಕಟ್ ಮಾಡಿ ಬಾಗಿಲಿಂದ ಪಕ್ಕಕ್ಕೆ ಸರಿದಳು.

“ಅಂಗಿಯೆಲ್ಲ ಒದ್ದೆಯಾಗಿದೆ. ಒಳಗೆ ಬಾ.”

ಗಿಣಿ ಕುರ್ಚಿಯಿಂದ ಧುಮುಕಿದಳು. ಅಪ್ಪನ ಕಡೆಗೆ ಓಡಿ ಬರುತ್ತಾಳೆಂದು ಅವನು ಎರಡೂ ಕೈ ಚಾಚಿದ. ಅವಳು ಓಡಿದ್ದು ಗೋಡೆಯ ಕಡೆಗೆ. ಕಂಪ್ಯೂಟರಿನ ಸ್ವಿಚ್ಚಿಗೆ ಬೆನ್ನು ಒತ್ತಿ, ಎರಡೂ ತೋಳು ಅಗಲಿಸಿ, ಅಪ್ಪ ಅಮ್ಮ ಇಬ್ಬರನ್ನೂ ಒಂದೇ ಸಮ ನೋಡುತ್ತ ಕಾವಲು ನಿಂತಳು: “ಇದು ಮುಗಿಯೋ ತನಕ ಅಪ್ಪ ಹೋಗೋ ಹಾಗಿಲ್ಲ.”