ಆರದ ಮೈ

ನೀಲಗಂಗಮ್ಮನ ಉಸಿರು ನಿಂತು ಹತ್ತೊಂಬತ್ತು ದಿನವಾದರೂ ಮೈ ಆರಿರಲಿಲ್ಲ. ಅದರಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ. ಆ ಓಣಿಯಲ್ಲಿ ಅಂಥ ಬೆಚ್ಚಗಿನ ಹೆಣಗಳು ಇನ್ನೂ ನಾಲ್ಕಿದ್ದವು. ಜೀವಕೋಶದೊಳಗೆ ಶಕ್ತಿ ಹುಟ್ಟಿಸುವ ಮೈಟೊಕಾಂಡ್ರಿಯಾಗಳು ದಣಿಯದಂತೆ ಮಾಡುವ ಔಷಧಿಯನ್ನು ಊರೆಲ್ಲ ಕುಡಿದಿತ್ತು. ಬದುಕಿದ್ದವರಿಗೆ ಸುಸ್ತು ಎಂಬುದು ಇಲ್ಲವಾಯಿತು. ಸತ್ತವರ ಮೈ ತಣ್ಣಗಾಗುವುದನ್ನು ಮರೆಯಿತು. ಆರುವವರೆಗೆ ಮಣ್ಣು ಮಾಡುವಂತಿರಲಿಲ್ಲ.

ಔಷಧಿ ಕಂಡುಹಿಡಿದವಳು ನೀಲಗಂಗಮ್ಮನ ಮಗಳೇ, ಜೀವರಸಾಯನ ವಿಜ್ಞಾನಿ ಅನ್ನಪೂರ್ಣಾ. ಅಂದು ಮಧ್ಯಾಹ್ನ ಅವಳ ಅಣ್ಣ ಚನ್ನವೀರ ತಾಯಿಯ ಬೆಳೆದ ಉಗುರು ಕತ್ತರಿಸುತ್ತ ಹೇಳಿದ:

“ದಿನಾ ಅವ್ವನ ಮೈ ಒರಸ್ತೀನಿ. ಬೆವರು ಬರತೈತಿ. ಇನ್ನ ನನ್ನ ಕೈಲೆ ಆಗೂದಿಲ್ಲವಾ. ನೀನ ಹಚ್ಚಿದ್ದು, ನೀನ ಆರಿಸು.”

ಅನ್ನಪೂರ್ಣಾ ತಾಯಿಯ ತೋಳಿಗೆ ಸೂಜಿ ಚುಚ್ಚಿದಳು. ಅದು ಕೋಶಗಳ ಶಕ್ತಿಯನ್ನು ನಿಲ್ಲಿಸುವ ಮದ್ದು. ಆಮೇಲೆ ತಾಯಿಯ ಮೆತ್ತನೆಯ ಅಂಗೈಯಲ್ಲಿ ತನ್ನ ಕೈಯಿಟ್ಟು ಕುಳಿತಳು. ಪಾದ ತಣ್ಣಗಾಯಿತು, ಮೊಣಕಾಲು ತಣ್ಣಗಾಯಿತು. ಸಂಜೆಯಾಗುವಷ್ಟರಲ್ಲಿ ತಾಯಿಯ ಬೆರಳುಗಳು ಒಂದೊಂದಾಗಿ ಮಡಚಿಕೊಂಡು ಅವಳ ಕೈಯನ್ನು ಹಿಡಿದವು.

ಚನ್ನವೀರ ಎದ್ದು ನಿಂತ. “ಅವ್ವ ಜೀವಂತ ಅದಾಳ!”

“ಇಲ್ಲಣ್ಣ,” ಎಂದಳು ಅನ್ನಪೂರ್ಣಾ. “ಬಿಗಿದ ಸ್ನಾಯು ಸಡಿಲಾಗಾಕ ಶಕ್ತಿ ಬೇಕು. ಆ ಶಕ್ತೀನ ನಾ ಈಗ ತಗದಬಿಟ್ಟೆ.”

ಎಳೆದರೂ ಕೈ ಬಿಡಿಸಿಕೊಳ್ಳಲಾಗಲಿಲ್ಲ. ಚನ್ನವೀರ ಬಗ್ಗಿ, ಬದುಕಿದ್ದವರಿಗೆ ಹೇಳುವಂತೆ ತಾಯಿಯ ಕಿವಿಯಲ್ಲಿ ಮೆಲ್ಲಗೆ ಹೇಳಿದ:

“ಅವ್ವಾ, ಅಕೀನ್ನ ಬಿಡವಾ.”

ಬೆರಳುಗಳು ಇನ್ನಷ್ಟು ಬಿಗಿದವು.