ಕಪ್ಪೆಮರಿಯ ದನಿ

“ನಿಮ್ಮ ಈ ಜೇನಿನಂಥ ದನಿಯ ಗುಟ್ಟೇನು ಮೇಡಂ?” ಎಂದು ರೇಡಿಯೋದವನು ನೇರ ಪ್ರಸಾರದಲ್ಲಿ ಫೋನಿನ ಸ್ಪೀಕರಿನಲ್ಲಿ ಕೇಳಿದಾಗ, ಹೊಸ ನಾಯಕಿ ಮೇಕಪ್ ಕೋಣೆಯ ಕುರ್ಚಿಯಲ್ಲಿ ಕಾಲು ಮಡಿಸಿ ಕೂತು, ಬಾಯಿಗೆ ಟವೆಲು ತುರುಕಿಕೊಂಡು ನಗು ತಡೆಯುತ್ತಿದ್ದಳು. ಉತ್ತರ ಕೊಡುತ್ತಿದ್ದವಳು ಪಕ್ಕದಲ್ಲಿದ್ದ ಡಬ್ಬಿಂಗ್ ಕಲಾವಿದೆ. ಸಿನಿಮಾದಲ್ಲಿ ಈ ನಾಯಕಿ ಹುಡುಗಿಯ ತುಟಿಗೆ ಮಾತು ಕೂಡಿಸಿದವಳೂ ಅವಳೇ. ಹುಡುಗಿ ಅವಳನ್ನು ಕರೆಯುತ್ತಿದ್ದದ್ದು ದನಿಯಕ್ಕ ಎಂದು. ಬೆಳಿಗ್ಗೆ ಎದ್ದು ಬಿಸಿನೀರು ಕುಡಿಯುತ್ತೇನೆ, ಅಷ್ಟೇ ಎಂದು ದನಿಯಕ್ಕ ಉಲಿದಳು. ಟವೆಲು ಇನ್ನಷ್ಟು ಒಳಗೆ ಹೋಯಿತು.

ಹುಡುಗಿಯ ಸ್ವಂತ ದನಿ ಗೊಗ್ಗರು, ಥೇಟ್ ಕಪ್ಪೆಯದು. ಮೊದಲ ಪಿಕ್ಚರು ನೂರು ದಿನ ಓಡಿದ್ದೇ ತಡ, ಎರಡನೆಯದು ಬಿಡುಗಡೆಯಾಗುವವರೆಗೆ ಜನರೆದುರು ಬಾಯಿ ಬಿಟ್ಟರೆ ಜೋಕೆ, ಪಾತ್ರ ಬೇರೆಯವರ ಪಾಲು ಎಂದು ನಿರ್ಮಾಪಕರ ಕಟ್ಟಪ್ಪಣೆಯಾಗಿತ್ತು. ಅಂದಿನಿಂದ ಕ್ಯಾಮೆರಾ ಕಂಡಲ್ಲೆಲ್ಲ ಕೈ ಮುಗಿದು ಹಲ್ಲು ಬಿಡುವುದೇ ಅವಳ ಉದ್ಯೋಗ. ಪತ್ರಿಕೆಯವರು, ಪಾಪ, ಎಂಥ ಮಿತಭಾಷಿ ಎಂದು ಬರೆದರು. ಶಾಲೆಯಲ್ಲಿ ವಟಗುಟ್ಟಿದ್ದಕ್ಕೆ ವಾರಕ್ಕೆ ಮೂರು ಸಲ ಬೆಂಚು ಹತ್ತಿ ನಿಂತವಳಪ್ಪ ಇವಳು!

ಎಲ್ಲ ಮಜವೇ. ಒಂದೇ ಕೊರಗೆಂದರೆ ಸಾಕಿ ಬೆಳೆಸಿದ ಅಜ್ಜಿ. ಕಣ್ಣು ಮಂಜಾದ ಅಜ್ಜಿ ಸಿನಿಮಾವನ್ನು ಕಿವಿಯಲ್ಲೇ ನೋಡಿ ಬಂದು, ಅದು ನಮ್ಮ ಹುಡುಗಿಯಲ್ಲ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. ಬಾಯಿ ನಿಂದು, ಮಾತು ಇನ್ನೊಬ್ಬಳದು, ಇದ್ಯಾವ ಸೀಮೆ ನ್ಯಾಯ ಎಂದು ಮುಖ ತಿರುವಿದ್ದಳು. ದಾರಿಹೋಕರೆಲ್ಲ ಗುರುತು ಹಿಡಿದು ಮುತ್ತಿದರೇನು ಬಂತು? ತನ್ನ ಮುಖ ಹೊತ್ತು ಬೇರೆ ದನಿಯಲ್ಲಿ ಮಾತಾಡುವ ಆ ತೆರೆಯ ಹುಡುಗಿಯ ಮೇಲೆ ಇವಳಿಗೇ ಹೊಟ್ಟೆಕಿಚ್ಚು.

ಮುಂದಿನ ಕರೆ ಒಬ್ಬರು ಹಿರಿಯರಿಂದ ಎಂದ ರೇಡಿಯೋದವನು. ಕೆಮ್ಮು ಕೇಳಿಸಿತು. ಅಜ್ಜಿಯ ಕೆಮ್ಮೇ ಅದು! ಹುಡುಗಿ ಮಡಿಸಿದ ಕಾಲು ಕೆಳಗಿಳಿಸಿದಳು.

“ನನ್ನ ಮೊಮ್ಮಗಳ ಹೆಸರಲ್ಲಿ ಮಾತಾಡ್ತಿದೀಯಲ್ಲ, ಯಾರಮ್ಮ ನೀನು?”

“ನಾನೇ, ಅಜ್ಜಿ...” ದನಿಯಕ್ಕ ತೊದಲಿದಳು.

“ನೀನಲ್ಲ. ನಮ್ಮ ಕಪ್ಪೆಮರಿ ಎಲ್ಲಿ? ಅವಳಿಗೇನಾದ್ರೂ ಆಗಿದೆಯಾ?”

ಪಾತ್ರ ಹೋದರೆ ಹಾಳಾಗಿ ಹೋಗಲಿ. ಹುಡುಗಿ ಟವೆಲು ಕಿತ್ತೆಸೆದು ಫೋನು ಕಸಿದುಕೊಂಡಳು. “ಇಲ್ಲೇ ಇದೀನಿ ಅಜ್ಜಿ, ನಂಗೇನಾಗಿದೆ ಧಾಡಿ?”

“ಈಗ ಬಂದ್ಲು ನೋಡಿ ನಮ್ಮ ಹುಡುಗಿ,” ಎಂದಳು ಅಜ್ಜಿ. “ಊಟ ಆಯ್ತೇನೇ?”

ಆಮೇಲೆ ಅಣೆಕಟ್ಟು ಒಡೆದಂತಾಯಿತು. ತಿಂಗಳುಗಟ್ಟಲೆ ಕಟ್ಟಿಟ್ಟ ಮಾತೆಲ್ಲ ಹೊರಬಿತ್ತು. ಹೈ ಹೀಲ್ಸು ಕಾಲು ಕಚ್ಚಿದ್ದು, ನಾಯಕನ ವಿಗ್ಗು ಗಾಳಿಗೆ ಹಾರಿದ್ದು, ಒಂದೂ ಬಿಡಲಿಲ್ಲ. ಅಜ್ಜಿಯೂ ಸುಮ್ಮನಿದ್ದಾಳೆಯೇ, ಮೊಮ್ಮಗಳು ನಾಯಿಗೆ ಹೆದರಿ ನೀರಿನ ಟ್ಯಾಂಕು ಹತ್ತಿದ ಕತೆ ಹರವಿದಳು. ಹುಡುಗಿಗೆ ಮೈ ಹತ್ತಿಯಷ್ಟು ಹಗುರಾಯಿತು.

ಕಾರ್ಯಕ್ರಮ ಮುಗಿಯುತ್ತಲೇ ದನಿಯಕ್ಕನ ಮೊಬೈಲು ಹೊಡೆದುಕೊಂಡಿತು. ನಿರ್ಮಾಪಕರು! ಇಬ್ಬರೂ ಒಟ್ಟಿಗೇ ಸ್ಪೀಕರು ಒತ್ತಿದರು. ಬೈಗುಳವಿಲ್ಲ, ನಗು. ಜನ ಆ ಗೊಗ್ಗರು ದನಿಗೆ ಮರುಳಾಗಿ ರೇಡಿಯೋದವರಿಗೆ ಫೋನಿನ ಮೇಲೆ ಫೋನು ಮಾಡುತ್ತಿದ್ದಾರಂತೆ. ಎರಡನೇ ಪಿಕ್ಚರಿಗೆ ಅದೇ ದನಿಯಂತೆ. ಹುಡುಗಿ ಕುರ್ಚಿ ಹತ್ತಿ ಕುಣಿದಳು.

“ಅದಕ್ಕೇ ನಿಂಗೆ ಫೋನ್ ಮಾಡಿದ್ದು ಕಣಮ್ಮ,” ಎಂದರು ಅವರು ದನಿಯಕ್ಕನಿಗೆ. “ಇವತ್ತಿಂದಲೇ ಆ ದನಿ ಅಭ್ಯಾಸ ಮಾಡು.”

ಕುಣಿತ ನಿಂತಿತು. ಇಬ್ಬರೂ ಮುಖ ಮುಖ ನೋಡಿಕೊಂಡರು. ದನಿಯಕ್ಕ ನಗು ನುಂಗುತ್ತ ಫೋನನ್ನು ಹುಡುಗಿಯತ್ತ ಚಾಚಿದಳು.

“ಹೀಗೆ ಮಾತಾಡಿದ್ರೆ ಸಾಕಾ ಸಾರ್?” ಎಂದಳು ಕಪ್ಪೆಮರಿ.

ನಿರ್ಮಾಪಕರು ಅಳೆದು ಸುರಿದು ಯೋಚಿಸಿದರು.

“ಪರವಾಗಿಲ್ಲ. ಆದ್ರೆ ಆ ಹುಡುಗಿ ಥರ ಬರಲಿಲ್ಲ. ಇನ್ನೂ ಸ್ವಲ್ಪ ಕಲೀಬೇಕು.”