ಆರದ ಕೆಂಪು ದೀಪ

"ಇನ್ನೂ ಆರವಲ್ದಲ್ರಿ ಕಾಕಾ," ಎಂದ ಮೇಸ್ತ್ರಿ ಗುರುಪಾದ. ಗೋಕಾಕದ ಅವನ ಗ್ಯಾರೇಜಿನಲ್ಲಿ ನಿಂತಿದ್ದ ಪಾಯಪ್ಪನ ಹಳೆಯ ಕಾರಿನಲ್ಲಿ ಬ್ರೇಕಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಬ್ರೇಕ್ ಆಯಿಲ್ ತುಂಬಿತ್ತು, ವೈರುಗಳೂ ಸರಿಯಿದ್ದವು. "ಯಾವಾಗಿಂದ ಹಿಂಗ ಆಗೇತ್ರಿ?"

"ದಸರಾದಿಂದ."

ಗುರುಪಾದ ಹ್ಯಾಂಡ್‌ಬ್ರೇಕನ್ನು ಎತ್ತಿ ಇಳಿಸಿ ನೋಡಿದ. ಅದು ಪೂರ್ತಿ ಕೆಳಗೆ ಕೂರುತ್ತಿರಲಿಲ್ಲ. ಅದರ ಬುಡದ ಸಂದಿಯಲ್ಲಿ ಸ್ಕ್ರೂಡ್ರೈವರ್ ಆಡಿಸಿದಾಗ ಒಣಗಿದ ಬನ್ನಿ ಎಲೆಗಳ ಚಿಕ್ಕ ಕಟ್ಟೊಂದು ಹೊರಬಂತು. ಹ್ಯಾಂಡ್‌ಬ್ರೇಕ್ ಕೆಳಗೆ ಕೂತಿತು, ದೀಪ ಆರಿತು. "ಇದನ್ಯಾರ್ರಿ ಇಲ್ಲಿ ತುರುಕಿದ್ರು?" ಎಂದು ನಗುತ್ತ ಗುರುಪಾದ ಅದನ್ನು ಹೊರಗೆಸೆಯಲು ಕೈಯೆತ್ತಿದ.

ಪಾಯಪ್ಪ ಆ ಕೈ ಹಿಡಿದುಕೊಂಡ. ಪ್ರತಿ ದಸರೆಗೂ ಅಪ್ಪ ಈ ಕಾರಿಗೆಂದು ಬನ್ನಿ ಇಡುತ್ತಿದ್ದುದು ಅದೇ ಸಂದಿಯಲ್ಲಿ. ಅದು ಗೊತ್ತಿದ್ದವರು ಅವನು ಮತ್ತು ತಮ್ಮ ಜಿನ್ನಪ್ಪ, ಇಬ್ಬರೇ. ಅಪ್ಪ ತೀರಿದ ಮೇಲೆ ಕಾರು ಯಾರಿಗೆ ಎಂಬ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ಆರು ವರ್ಷವಾಗಿತ್ತು. ಈ ದಸರೆಗೆ ಜಿನ್ನಪ್ಪ ಕಲ್ಲೋಳಿಯಿಂದ ಬನ್ನಿ ಕೊಡಲು ಬಂದಿದ್ದ. ಪಾಯಪ್ಪ ಒಳಗೇ ಕೂತು, ಮನೆಯಲ್ಲಿಲ್ಲ ಎಂದು ಹೇಳಿಸಿದ್ದ. ಕಾರು ಮಾತ್ರ ಲಾಕ್ ಇಲ್ಲದೆ ಅಂಗಳದಲ್ಲೇ ನಿಂತಿತ್ತು.

"ಆತ್ರಿ ಕಾಕಾ, ಇನ್ನ ಆರಾಮ ಮನಿಗೆ ಹೋಗ್ರಿ."

ಪಾಯಪ್ಪ ಆ ಒಣ ಎಲೆಗಳನ್ನು ಅಂಗಿಯ ಜೇಬಿಗಿಟ್ಟುಕೊಂಡು ಕಾರು ಹತ್ತಿ ಕೂತ.

"ಗುರುಪಾದ, ಕಲ್ಲೋಳಿತನಕ ಬ್ರೇಕಿಂದೇನೂ ತ್ರಾಸ ಇಲ್ಲಲಾ?"